ಏಳನೆಯ ಬಾಗಿಲಿಗೆ ಒಂದು ಹಳಿಯ ತುಂಡು

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದ ಅಂಟಿಗೆ ತನ್ನದೇ ಒಂದು ವಾಸನೆಯಿದೆ. ಹಸಿದಾಗ ಅಂಬಲಿಯಂತೆಯೂ ಹೊಟ್ಟೆ ತುಂಬಿದಾಗ ಔಷಧಿಯಂತೆಯೂ ತೋರುವ ವಾಸನೆ ಅದು. ಕೈಯಲ್ಲಿ ಬೈಂಡು ಮಾಡಿದ ಹಿಂದಿನ ಪುಸ್ತಕಗಳಿಗೆಲ್ಲ ಅದೇ ವಾಸನೆಯಿತ್ತು. ನಿಮ್ಮಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು. ನೆನಪಿರುವವರಿಗೆ ವಿವರಿಸಬೇಕಿಲ್ಲ, ಇಲ್ಲದವರಿಗೆ ಎಷ್ಟು ಹೇಳಿದರೂ ಅಷ್ಟೇ. ಕಳೆದ ತಿಂಗಳು ಶಿವಮೊಗ್ಗದ ನಮ್ಮ ಶಾಲೆಯ ಲೈಬ್ರರಿಗೆ ಎರಡು ರಟ್ಟಿನ ಪೆಟ್ಟಿಗೆಗಳಲ್ಲಿ ಹಳೆಯ ಪುಸ್ತಕ ಬಂದವು. ದುರ್ಗಿಗುಡಿಯ ಕಡೆ ಮನೆ ಖಾಲಿ ಮಾಡುತ್ತಿದ್ದ ಯಾರೋ, ರದ್ದಿಗೆ ಹಾಕಲು ಮನಸ್ಸಾಗದೆ ಕಳಿಸಿಕೊಟ್ಟಿದ್ದರು. ಲೈಬ್ರರಿ ನೋಡಿಕೊಳ್ಳುವ ಕೆಲಸವನ್ನು ಕನ್ನಡ ಟೀಚರ್ ಆದ ತಪ್ಪಿಗೆ ನನ್ನ ತಲೆಗೇ ಕಟ್ಟಿದ್ದಾರೆ. ತಮಗೆ ಬೇಡವಾದದ್ದೆಲ್ಲ ಶಾಲೆಗೆ ದಾನ ಎಂದು ಗೊಣಗಿಕೊಂಡು, ಮೂಗಿಗೆ ಸೆರಗು ಹಿಡಿದು ಪೆಟ್ಟಿಗೆ ಬಿಚ್ಚಿದೆ. ಧೂಳಿನ ಜೊತೆಗೇ ಆ ವಾಸನೆಯೂ ಎದ್ದು ಬಂತು. ಸೆರಗು ಬಿಟ್ಟು ಎರಡೂ ಕೈಯಿಂದ ತಡಕಾಡಿದೆ. ಪೆಟ್ಟಿಗೆಯ ತಳದಲ್ಲಿ ಹಸಿರು ಬಟ್ಟೆಯ ಬೈಂಡಿನ ಒಂದು ಪುಸ್ತಕವಿತ್ತು. ಬೆನ್ನಿನ ಮೇಲೆ ಮಾಸಿದ ಬಿಳಿಯ ಅಕ್ಷರದಲ್ಲಿ ‘ಸದ್ದು ಕದ್ದ ಕೋಟೆ’ ಎಂದು ಬರೆದಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ನಾವು ಬೆಳೆದದ್ದು ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಒಂದು ತುಂಡು ಹಿತ್ತಲು. ಪಕ್ಕದ ಮನೆಯಲ್ಲಿ ತಮಿಳು, ಎದುರಿನ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಮಾತ್ರ ಯಾವ ಭಾಷೆಯೂ ಜೋರಾಗಿ ಕೇಳಿಸುತ್ತಿರಲಿಲ್ಲ. ಅಪ್ಪಾಜಿಗೆ ಹೆಚ್ಚಾಗಿ ನೈಟ್ ಶಿಫ್ಟು. ಬೆಳಿಗ್ಗೆ ಬಂದು, ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮುಗಿಸಿ, ಎರಡು ರೊಟ್ಟಿ ತಿಂದು ಮಲಗಿದರೆ ಸಂಜೆಯವರೆಗೆ ಮನೆಯಲ್ಲಿ ಸೂಜಿ ಬಿದ್ದರೂ ತಪ್ಪು. ಅವ್ವ ಪಾತ್ರೆಗಳನ್ನು ಬಟ್ಟೆ ಹಾಸಿ ಅದರ ಮೇಲೆ ಇಡುತ್ತಿದ್ದಳು. ಕುಕ್ಕರು ಕೂಗುವ ಮೊದಲೇ ಓಡಿಹೋಗಿ ಇಳಿಸುತ್ತಿದ್ದಳು. ನಾವು ಅಕ್ಕತಂಗಿಯರು ಜಗಳವನ್ನೂ ಪಿಸುಮಾತಿನಲ್ಲೇ ಆಡುವುದನ್ನು ಕಲಿತಿದ್ದೆವು. ಗಾಳಿ ಬೀಸಿದರೆ ಹಿತ್ತಲ ಬಾಗಿಲು ಧಡಾರೆಂದು ಬಡಿದುಕೊಳ್ಳುತ್ತಿತ್ತು. ಅದನ್ನು ತಡೆಯಲು ಅಪ್ಪಾಜಿ ಗುಜರಿ ಅಂಗಡಿಯಿಂದ ಗೇಣುದ್ದದ ರೈಲು ಹಳಿಯ ತುಂಡೊಂದನ್ನು ತಂದಿದ್ದರು. ಬಾಗಿಲು ತೆರೆದ ಕೂಡಲೇ ಅದನ್ನು ಕಾಲಿನಿಂದ ತಳ್ಳಿ ಅಡ್ಡ ಕೊಡಬೇಕು, ಇದು ನಮ್ಮ ಮನೆಯ ಮೊದಲ ಪಾಠ. ಬೇರೆಯವರ ಮನೆಯ ಮಕ್ಕಳು ಸ್ಲೇಟು ಹಿಡಿಯುವ ಹೊತ್ತಿಗೆ ನಾನು ಆ ಕಬ್ಬಿಣ ತಳ್ಳುವುದನ್ನು ಕಲಿತಿದ್ದೆ. ಮರೆತು ಬಾಗಿಲು ಬಡಿದ ದಿನ ಅಪ್ಪಾಜಿ ಬೈಯುತ್ತಿರಲಿಲ್ಲ. ಎದ್ದು ಕೂತು, ಕೆಂಪು ಕಣ್ಣಿನಿಂದ ಸುಮ್ಮನೆ ಗೋಡೆ ನೋಡುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಅಕ್ಕನ ಹೆಸರು ವಿಮಲ. ನನಗಿಂತ ಆರು ವರ್ಷ ದೊಡ್ಡವಳು. ಮೊದಲಿಗೆ ಕೀಲುಗಳಲ್ಲಿ ನೋವು, ಜ್ವರ ಎಂದಳು. ಬೆಳೆಯುವ ವಯಸ್ಸು, ಹಾಗೆಲ್ಲ ಇರುತ್ತದೆ ಎಂದು ಎಲ್ಲರೂ ಅಂದುಕೊಂಡರು. ಆಮೇಲೆ ನಲ್ಲಿಯಿಂದ ಒಂದು ಕೊಡ ನೀರು ತಂದರೆ ಅರ್ಧ ಗಂಟೆ ಕೂರಬೇಕಾಯಿತು. ಹೃದಯದ ಕವಾಟ ಹಾಳಾಗಿದೆ ಎಂದು ಡಾಕ್ಟರು ಹೇಳಿದಾಗ ಅವಳು ಎಸ್ಸೆಸ್ಸೆಲ್ಸಿಯಲ್ಲಿದ್ದಳು. ಪರೀಕ್ಷೆಗೆ ಕೂರಲಾಗಲಿಲ್ಲ. ಮುಂದಿನ ಕೋಣೆಯ ಕಿಟಕಿಯ ಪಕ್ಕಕ್ಕೆ ಮಂಚ ಹಾಕಿ, ಮೂರು ದಿಂಬು ಒರಗಿಸಿ ಕೂರಿಸಿದರು. ಚಪ್ಪಟೆ ಮಲಗಿದರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ಐದನೇ ಕ್ಲಾಸಿನ ನನಗೆ ಇದರ ಗಂಭೀರತೆ ಒಂದಿಷ್ಟೂ ತಲೆಗೆ ಹತ್ತಲಿಲ್ಲ. ಅಕ್ಕ ದಿನವಿಡೀ ಮನೆಯಲ್ಲೇ ಇರುತ್ತಾಳೆ, ಕೆಲಸ ಮಾಡಬೇಕಾಗಿಲ್ಲ, ಶಾಲೆ ಬಿಟ್ಟು ಬಂದರೆ ನನಗಾಗಿ ಕಾದಿರುತ್ತಾಳೆ ಎಂಬ ಸಂತೋಷವೇ ಹೆಚ್ಚು. ಈಗ ನೆನೆಸಿಕೊಂಡರೆ ಆ ಸಂತೋಷದ ಮೇಲೆ ನನಗೆ ಸಿಟ್ಟು ಬರುತ್ತದೆ.

ಮಾರ್ಕೆಟ್ಟಿನ ಹಿಂದೆ ಬೈಂಡರ್ ಖಾದರ್ ಸಾಬರ ಅಂಗಡಿಯಿತ್ತು. ಹಗಲೆಲ್ಲ ಆಫೀಸುಗಳ ರಿಜಿಸ್ಟರು ಬೈಂಡು ಮಾಡುವುದು, ಸಂಜೆ ಅದೇ ಅಂಗಡಿಯಲ್ಲಿ ಪುಸ್ತಕ ಓದಲು ಕೊಡುವುದು. ಅವರಿಗೆ ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡ ಮಾತು ನೀರು ಕುಡಿದ ಹಾಗೆ, ಆದರೆ ಕನ್ನಡ ಓದು ಬರುತ್ತಿರಲಿಲ್ಲ. ಓದಲು ಬಾರದ ಭಾಷೆಯ ಪುಸ್ತಕಗಳ ಲೈಬ್ರರಿ ನಡೆಸಲು ಅವರು ತಮ್ಮದೇ ಒಂದು ದಾರಿ ಕಂಡುಕೊಂಡಿದ್ದರು. ಪ್ರತಿ ಪುಸ್ತಕದ ಕೊನೆಯ ರಟ್ಟಿನ ಒಳಗೆ ಗೆರೆ ಹಾಕಿದ ಒಂದು ಹಾಳೆ ಅಂಟಿಸಿರುತ್ತಿದ್ದರು. ವಾಪಸು ತಂದವರು ಅದರಲ್ಲಿ ಎರಡು ಸಾಲು ಅಭಿಪ್ರಾಯ ಬರೆದು, ಕೆಳಗೆ ಮನೆ ನಂಬರು ಹಾಕಬೇಕು. ಬರೆಯದಿದ್ದರೆ ಇನ್ನೊಂದು ಪುಸ್ತಕವಿಲ್ಲ. ಹಾಳೆ ತುಂಬಿದರೆ ಅದರ ಮೇಲೆಯೇ ಹೊಸ ಹಾಳೆ ಅಂಟಿಸುವುದು. ಓದುಗರಿಗೂ ಅದೇ ಅಭ್ಯಾಸವಾಗಿತ್ತು. ನ್ಯೂ ಟೌನಿನಲ್ಲಿ ಪುಸ್ತಕವನ್ನು ಯಾರೂ ಮೊದಲ ಪುಟದಿಂದ ತೆರೆಯುತ್ತಿರಲಿಲ್ಲ, ಹಿಂದಿನಿಂದ ತೆರೆದು ಹಾಳೆ ನೋಡಿ ತೀರ್ಮಾನ ಮಾಡುತ್ತಿದ್ದರು. ನಾನು ಈಗಲೂ ಹಾಗೇ ತೆರೆಯುತ್ತೇನೆ, ಮಕ್ಕಳು ನಗುತ್ತಾರೆ.

‘ಸದ್ದು ಕದ್ದ ಕೋಟೆ’ಯನ್ನು ತರಲು ಹೇಳಿದ್ದು ಅಕ್ಕನೇ. ಎರಡನೆಯ ಸಾಲಿನಲ್ಲಿ ಹಸಿರು ಬೈಂಡಿನದು, ದಪ್ಪಗಿದೆ, ಅದನ್ನೇ ತಾ ಎಂದಿದ್ದಳು. ಎಲ್ಲಿದೆಯೆಂದು ಅವಳಿಗೆ ಹೇಗೆ ಗೊತ್ತು ಎಂದು ಕೇಳುವಷ್ಟು ಬುದ್ಧಿ ನನಗಿರಲಿಲ್ಲ. ಬೆಳೆಯುವ ಮಕ್ಕಳಿಗೆಂದು ಬರೆದ ಮಾಯಾಲೋಕದ ಕಾದಂಬರಿ ಅದು. ಬೆಟ್ಟದ ಬುಡದ ಒಂದು ಊರು. ಒಂದು ಬೆಳಿಗ್ಗೆ ಬೆಟ್ಟದ ಕಡೆ ಮುಖ ಮಾಡಿ ಕೂಗಿದರೆ ಮಾರ್ದನಿ ಬರುವುದಿಲ್ಲ. ಮಾರನೆಯ ದಿನ ಗಂಟೆಯ ಸದ್ದಿಲ್ಲ, ಆಮೇಲೆ ಎತ್ತಿನ ಕೊರಳ ಗೆಜ್ಜೆಯದಿಲ್ಲ, ಕೊನೆಗೆ ತಾಯಂದಿರು ಮಕ್ಕಳನ್ನು ಕರೆದರೂ ಬರೀ ತುಟಿ ಅಲುಗುತ್ತದೆ. ನಿಶ್ಶಬ್ದಕ್ಕೆ ಹೆದರುವ ರಾಜನೊಬ್ಬ ಉಪ್ಪಿನ ಕೋಟೆಯೊಳಗೆ ಊರಿನ ಸದ್ದುಗಳನ್ನೆಲ್ಲ ಕದ್ದು ಕೂಡಿಟ್ಟಿದ್ದಾನೆ. ಅವನ್ನು ಬಿಡಿಸಿ ತರಲು ಚಂಪಾ, ತಾರಾ ಎಂಬ ಅಕ್ಕತಂಗಿಯರು ಹೊರಡುತ್ತಾರೆ. ಕೋಟೆಗೆ ಏಳು ಬಾಗಿಲು, ಒಂದೊಂದು ಬಾಗಿಲಲ್ಲೂ ತಮ್ಮದೊಂದನ್ನು ಬಿಟ್ಟು ಮುಂದೆ ಹೋಗಬೇಕು. ಪಿಸುಮಾತಿನ ಮನೆಯ ಮಕ್ಕಳಾದ ನಮಗೆ ಆ ಊರು ಹೊಸದೇನಾಗಿರಲಿಲ್ಲ. ಒಳಕೋಣೆಯಲ್ಲಿ ಅಪ್ಪಾಜಿ ಮಲಗಿರುತ್ತಿದ್ದರು, ನಾನು ಮಂಚದ ಮೇಲೆ ಹತ್ತಿ ಅಕ್ಕನ ಬಾಯಿಯ ಹತ್ತಿರ ಕಿವಿಯಿಟ್ಟು ಕೂರುತ್ತಿದ್ದೆ. ದಿನಕ್ಕೆ ನಾಲ್ಕೈದು ಪುಟ, ಅದಕ್ಕಿಂತ ಹೆಚ್ಚು ಅವಳ ಉಸಿರಿಗೆ ಆಗುತ್ತಿರಲಿಲ್ಲ. ಒಂದು ವಾಕ್ಯದ ನಡುವೆ ನಿಲ್ಲಿಸಿ, ಉಸಿರು ಎಳೆದುಕೊಂಡು, ಅದೇ ವಾಕ್ಯವನ್ನು ಮತ್ತೆ ಮೊದಲಿನಿಂದ ಓದುತ್ತಿದ್ದಳು. ಅವಳ ಉಸಿರಿನಲ್ಲಿ ಮಾತ್ರೆಯ ವಾಸನೆ, ಪುಸ್ತಕದಲ್ಲಿ ಅಂಟಿನ ವಾಸನೆ. ಇವೆರಡೂ ಸೇರಿದ ಇನ್ನೊಂದು ವಾಸನೆ ನನ್ನ ಪಾಲಿಗೆ ಕಥೆಯ ವಾಸನೆಯಾಗಿತ್ತು.

ಏಳನೆಯ ಬಾಗಿಲಿನ ಹತ್ತಿರ ಬಂದಾಗ ಓದು ನಿಂತುಹೋಯಿತು. ಸದ್ದುಗಳನ್ನೆಲ್ಲ ಒಂದು ಶಂಖದಲ್ಲಿ ತುಂಬಿಕೊಂಡು ಅಕ್ಕತಂಗಿಯರು ಹೊರಗೆ ಓಡಿ ಬರುತ್ತಾರೆ, ಕೊನೆಯ ಬಾಗಿಲಲ್ಲಿ ಕಾವಲಿನ ಮುದುಕ ತಡೆದು, ಒಳಗಿನಿಂದ ಒಬ್ಬರು ಹಿಡಿದು ನಿಂತರೆ ಮಾತ್ರ ಈ ಬಾಗಿಲು ತೆರೆದಿರುತ್ತದೆ, ಬಿಟ್ಟರೆ ಮುಚ್ಚಿಕೊಳ್ಳುತ್ತದೆ ಎನ್ನುತ್ತಾನೆ. ಅಲ್ಲಿಗೆ ಅಕ್ಕ ಪುಸ್ತಕ ಮುಚ್ಚಿ ಇವತ್ತಿಗೆ ಸಾಕು ಎಂದಳು. ಮಾರನೆಯ ದಿನ ಹಿಂದಿನ ಅಧ್ಯಾಯವನ್ನೇ ಮತ್ತೊಮ್ಮೆ ಓದಿದಳು. ಅದರ ಮಾರನೆಯ ದಿನ ಆಯಾಸ ಎಂದಳು. ಅಷ್ಟರಲ್ಲಿ ಪುಸ್ತಕದ ವಾಯಿದೆ ಮುಗಿಯಿತು. ಖಾದರ್ ಸಾಬರ ನಿಯಮ ಕಟ್ಟುನಿಟ್ಟು: ಒಮ್ಮೆ ವಾಪಸು ಕೊಟ್ಟು ಅಭಿಪ್ರಾಯ ಬರೆಯಬೇಕು, ಒಂದು ದಿನ ಅದು ಎಲ್ಲರಿಗೂ ಕಾಣುವ ಹಾಗೆ ಮುಂದಿನ ಬೆಂಚಿನ ಮೇಲೆ ಇರಬೇಕು, ಯಾರೂ ಕೇಳದಿದ್ದರೆ ಮರುದಿನ ಮತ್ತೆ ತೆಗೆದುಕೊಂಡು ಹೋಗಬಹುದು. ಉಳಿದ ಪುಟಗಳನ್ನು ನಾನೇ ಓದಿಬಿಡುತ್ತೇನೆ ಎಂದು ಅಕ್ಕನ ಕೈಯಿಂದ ಕಿತ್ತುಕೊಳ್ಳಲು ಹೋದರೆ ಅವಳು ಬಿಡಲಿಲ್ಲ. ಒಟ್ಟಿಗೆ ಶುರು ಮಾಡಿದ್ದು, ಒಟ್ಟಿಗೇ ಮುಗಿಸೋಣ ಎಂದು ಆಣೆ ಹಾಕಿಸಿದಳು. ಆಣೆಯನ್ನು ಮಾತ್ರ ನಾನು ಮುರಿಯಲಿಲ್ಲ.

ಆ ಬೆಂಚಿನ ಮೇಲಿನ ಒಂದು ದಿನದಲ್ಲಿ ಬೇರೆ ಯಾರಾದರೂ ಪುಸ್ತಕ ಎತ್ತಿಕೊಂಡು ಹೋದರೆ ಎಂಬ ಭಯದಿಂದ ನಾನೊಂದು ಉಪಾಯ ಹೂಡಿದೆ. ಕೊನೆಯ ರಟ್ಟಿಗೆ ಖಾದರ್ ಸಾಬರು ಆಗಷ್ಟೇ ಹೊಸ ಹಾಳೆ ಅಂಟಿಸಿದ್ದರು, ಅದು ಪೂರ್ತಿ ಖಾಲಿಯಿತ್ತು. ಅಂಗಡಿಯ ಮೂಲೆಯಲ್ಲಿ ರಿಜಿಸ್ಟರುಗಳ ರಾಶಿಯ ಹಿಂದೆ ಕೂತು, ಬಲಗೈಯಲ್ಲಿ ಒಂದು ಸಾಲು ಬರೆದೆ: ಈ ಪುಸ್ತಕ ಚೆನ್ನಾಗಿಲ್ಲ, ಬೋರು. ಎಡಗೈಯಲ್ಲಿ ಇನ್ನೊಂದು: ಕೊನೆಯಲ್ಲಿ ಏನೂ ಇಲ್ಲ, ಓದಬೇಡಿ. ಮೂರನೆಯದನ್ನು ದೊಡ್ಡವರು ಬರೆದ ಹಾಗಿರಲೆಂದು ಅಕ್ಷರಗಳನ್ನು ಒಂದಕ್ಕೊಂದು ಕೂಡಿಸಿ ಗೀಚಿದೆ: ಮಕ್ಕಳಿಗೆ ಯೋಗ್ಯವಲ್ಲ. ಕೆಳಗೆ ಬಾಯಿಗೆ ಬಂದ ಮನೆ ನಂಬರುಗಳನ್ನು ಹಾಕಿದೆ. ನನ್ನ ಜಾಣತನಕ್ಕೆ ನಾನೇ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ. ಅಕ್ಕನಿಗೆ ಹೇಳಿದರೆ ಬೈದಾಳೆಂದು ಹೇಳಲಿಲ್ಲ.

ಮರುದಿನ ಅಂಗಡಿಗೆ ಹೋಗಲಾಗಲಿಲ್ಲ. ಬೆಳಿಗ್ಗೆಯೇ ಅಕ್ಕನ ತುಟಿ ನೀಲಿಯಾಗಿ, ಅವಳನ್ನು ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ನನ್ನನ್ನೂ ಜೊತೆಗೆ ಕರೆದೊಯ್ದು ಅಲ್ಲಿ ಸೋದರತ್ತೆಯ ಮನೆಯಲ್ಲಿ ಬಿಟ್ಟರು. ಹತ್ತು ದಿನ ಕಳೆದ ಮೇಲೆ ಅಕ್ಕನನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದರಂತೆ. ವಾಸಿಯಾಯಿತು, ಅದಕ್ಕೇ ಕಳಿಸುತ್ತಿದ್ದಾರೆ ಎಂದು ನಾನು ತಿಳಿದೆ. ದುಡ್ಡು ಉಳಿಸಲು ಒಂದು ಬಸ್ಸು ಬಿಟ್ಟು ಅಗ್ಗದ ಇನ್ನೊಂದಕ್ಕೆ ಕಾಯುತ್ತಿದ್ದ ಅಪ್ಪಾಜಿ ಅಂದು ಬಾಡಿಗೆ ಕಾರು ಮಾಡಿದ್ದರು. ಎಲ್ಲಿಗಾದರೂ ಹೋಗೋಣವೇ ಎಂದು ಅಕ್ಕನನ್ನು ಕೇಳಿದರು. ಅಪ್ಪಾಜಿ ಹಾಗೆ ಕೇಳಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಸಕ್ರೆಬೈಲಿಗೆ ಹೋಗಿ ಆನೆ ನೋಡೋಣ ಎಂದು ಕುಣಿದೆ. ಆನೆ ಬೇಡ, ನೀರು ನೋಡೋಣ ಎಂದು ಅಕ್ಕ ಗಾಜನೂರು ಎಂದಳು. ಅಣೆಕಟ್ಟಿನಿಂದ ತುಂಗೆ ಬಿಳಿಯಾಗಿ ಧುಮುಕುತ್ತಿದ್ದಳು. ಅಕ್ಕ ಕಾರಿನ ಬಾಗಿಲು ತೆರೆದು, ಕಾಲು ಹೊರಗಿಟ್ಟು, ಸೀಟಿನಲ್ಲೇ ಕೂತಿದ್ದಳು. ಇಲ್ಲಿ ಕೂಗಿದರೆ ಮಾರ್ದನಿ ಬರುತ್ತದೆಯೇ ಎಂದು ನನ್ನ ಕಿವಿಯಲ್ಲಿ ಕೇಳಿದಳು. ಆಮೇಲೆ ಅವಳು ಬಾಯಿ ತೆರೆದು ಏನೋ ಕೂಗಿದಳು. ನೀರಿನ ಅಬ್ಬರದಲ್ಲಿ ಪಕ್ಕದಲ್ಲಿದ್ದ ನನಗೇ ಕೇಳಿಸಲಿಲ್ಲ. ಆಯಾಸ ಮಾಡಿಕೊಳ್ಳಬಾರದು ಎಂದು ಅವ್ವ ಮುಂದೆ ಬಂದಳು. ಅಪ್ಪಾಜಿ ಅವಳನ್ನು ತಡೆದು, ಅಕ್ಕನ ಎದುರಿಗೆ ಮಂಡಿಯೂರಿ ಕೂತರು.

“ಇನ್ನೊಂದ್ಸಲ ಕೂಗವ್ವ,” ಎಂದರು.

ಸದ್ದಾದರೆ ಗೋಡೆ ನೋಡುತ್ತಿದ್ದ ಮನುಷ್ಯ ಹೀಗೆ ಹೇಳಿದ್ದು ನನಗೆ ತಮಾಷೆಯಾಗಿ ಕಂಡಿತು. ನಾನು ನಕ್ಕೆ. ಅಂದು ಅಲ್ಲಿದ್ದವರಲ್ಲಿ ನಕ್ಕವಳು ನಾನೊಬ್ಬಳೇ ಎಂಬುದು ನನಗೆ ಗೊತ್ತಾಗಲು ಎಷ್ಟೋ ವರ್ಷ ಬೇಕಾಯಿತು. ಅಕ್ಕ ಮತ್ತೆ ಕೂಗಲಿಲ್ಲ. ಅಪ್ಪಾಜಿಯ ತಲೆಯ ಮೇಲೆ ಕೈಯಿಟ್ಟು, ಅವರ ಕೂದಲಿಗೆ ಹತ್ತಿದ್ದ ನೀರಿನ ಹನಿಗಳನ್ನು ಒರೆಸಿದಳು.

ನ್ಯೂ ಟೌನಿಗೆ ಬಂದ ಮರುದಿನ ಸಂಜೆ ಖಾದರ್ ಸಾಬರ ಅಂಗಡಿಗೆ ಓಡಿದೆ. ಬೆಂಚಿನ ಮೇಲೆ ಹಸಿರು ಬೈಂಡಿನ ಪುಸ್ತಕವಿರಲಿಲ್ಲ, ಎರಡನೆಯ ಸಾಲಿನಲ್ಲೂ ಇರಲಿಲ್ಲ. ತಿಂಗಳಿಗೊಂದು ಭಾನುವಾರ ಅವರು ಯಾವುದಾದರೂ ಹುಡುಗಿಯನ್ನು ಕೂರಿಸಿಕೊಂಡು ಅಭಿಪ್ರಾಯದ ಹಾಳೆಗಳನ್ನೆಲ್ಲ ಓದಿಸಿ ಕೇಳುತ್ತಿದ್ದರಂತೆ, ಜನ ಕೆಟ್ಟದ್ದು ಎಂದ ಪುಸ್ತಕಗಳನ್ನು ಬೇರೆ ಮಾಡಿ ಶಿವಮೊಗ್ಗದ ಹಳೆಯ ಪುಸ್ತಕದ ವ್ಯಾಪಾರಿಗೆ ಕಳಿಸಿಬಿಡುತ್ತಿದ್ದರಂತೆ. ಅದು ನನಗೆ ಗೊತ್ತಿರಲಿಲ್ಲ. ಆ ಭಾನುವಾರ ನಾವು ಶಿವಮೊಗ್ಗದಲ್ಲಿದ್ದೆವು.

“ಮೂರು ಜನ ಖರಾಬ್ ಅಂತ ಬರ್ದವ್ರೆ ಬೇಟಿ,” ಎಂದರು ಖಾದರ್ ಸಾಬರು, ಅಂಟಿನ ಬಟ್ಟಲು ಕಲಕುತ್ತ. “ಅಂಥಾದ್ದನ್ನ ಇಟ್ಕೊಂಡು ಮಕ್ಳಿಗೆ ಹೆಂಗ್ ಕೊಡ್ಲಿ?”

ಅವರ ಮುಖದಲ್ಲಿ ನನ್ನ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ. ಓದಲು ಬಾರದ ಆ ಮನುಷ್ಯ ನಮ್ಮ ಅಕ್ಷರಗಳನ್ನು ಅಷ್ಟು ನಂಬಿದ್ದರು. ಆ ಮೂರೂ ನಾನೇ ಎಂದು ಹೇಳಲು ಬಾಯಿ ತೆರೆದೆ. ನನಗೆ ಅಂದು ಧೈರ್ಯವಿರಲಿಲ್ಲ, ಅದಕ್ಕೆ ಬೇರೆ ಬಣ್ಣ ಹಚ್ಚುವುದು ಬೇಡ. ಬೇರೆ ಪುಸ್ತಕ ಯಾವುದು ಬೇಕು ಎಂದು ಅವರು ಕೇಳುತ್ತಿದ್ದಂತೆಯೇ ಅಲ್ಲಿಂದ ಹೊರಟುಬಿಟ್ಟೆ. ದಾರಿಯುದ್ದಕ್ಕೂ ಅತ್ತು, ಮನೆಯ ತಿರುವಿನಲ್ಲಿ ನಲ್ಲಿಯ ನೀರಿನಿಂದ ಮುಖ ತೊಳೆದುಕೊಂಡೆ.

ಅಕ್ಕ ಕಿಟಕಿಯಿಂದ ನನ್ನ ಖಾಲಿ ಕೈಯನ್ನು ನೋಡಿಯಾಗಿತ್ತು. ಪುಸ್ತಕವನ್ನು ಬೇರೆಯವರು ತೆಗೆದುಕೊಂಡಿದ್ದಾರೆ, ಆದರೆ ಖಾದರ್ ಸಾಬರು ಅವರಿಗೆ ಕೊಡುವ ಮೊದಲು ಅಲ್ಲೇ ನಿಂತು ಕೊನೆಯ ಅಧ್ಯಾಯ ಓದಿಬಿಟ್ಟೆ, ಆಣೆ ಮುರಿದದ್ದಕ್ಕೆ ಬೈಯಬೇಡ ಎಂದು ಒಂದೇ ಉಸಿರಿಗೆ ಸುಳ್ಳು ಹೇಳಿದೆ. ಅವಳು ಬೈಯಲಿಲ್ಲ. ಮಂಚದ ಮೇಲೆ ಜಾಗ ಬಿಟ್ಟು, ಹೇಳು ಎಂದಳು. ನನ್ನ ಕಣ್ಣು ಮನೆಯೆಲ್ಲ ಸುತ್ತಾಡಿ ಹಿತ್ತಲ ಬಾಗಿಲಿನ ಮೇಲೆ ನಿಂತಿತು. ತಾರಾ ತನ್ನ ಚೀಲದಿಂದ ಒಂದು ಹಳಿಯ ತುಂಡು ತೆಗೆದಳು, ಬಾಗಿಲಿಗೆ ಅಡ್ಡ ಕೊಟ್ಟಳು, ಯಾರೂ ಹಿಡಿದುಕೊಳ್ಳುವುದೇ ಬೇಕಾಗಲಿಲ್ಲ, ಅಕ್ಕತಂಗಿಯರು ಇಬ್ಬರೂ ಕೈ ಕೈ ಹಿಡಿದು ಆಚೆ ಬಂದರು, ಕಾವಲಿನ ಮುದುಕ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತ ಎಂದೆ. ಅಕ್ಕ ಬಹಳ ಹೊತ್ತು ಸುಮ್ಮನಿದ್ದಳು.

“ಹಳಿ ಎಲ್ಲಿಂದ ಬಂತೇ ಅವ್ರಿಗೆ?” ಎಂದಳು ಆಮೇಲೆ.

“ಹೊರಡೋವಾಗ ಅವರಪ್ಪ ಕೊಟ್ಟಿದ್ರು. ಮೊದಲ್ನೇ ಅಧ್ಯಾಯದಲ್ಲೇ ಇತ್ತಂತೆ. ನೀನು ಓದೋವಾಗ ಬಿಟ್ಬಿಟ್ಟಿದ್ದೆ.”

“ಹೌದೇನೋ,” ಎಂದಳು ಅಕ್ಕ. “ನಾನು ಸರಿಯಾಗಿ ನೋಡಿರ್ಲಿಲ್ಲ ಪುಟ್ಟಿ.” ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಆ ಎದೆಯೊಳಗೆ ಏನೋ ತಪ್ಪಿ ತಪ್ಪಿ ಓಡುತ್ತಿತ್ತು. ಆಮೇಲೆ ಊರಿಗೆ ಹೋದ ಮೇಲೆ ಏನಾಯಿತು, ಅವರವ್ವ ಏನಡುಗೆ ಮಾಡಿದ್ದಳು, ಮೊದಲು ಯಾವ ಸದ್ದು ವಾಪಸು ಬಂತು ಎಂದು ಒಂದೊಂದಾಗಿ ಕೇಳಿದಳು. ನಾನು ಎಲ್ಲಕ್ಕೂ ಉತ್ತರ ಕಟ್ಟಿದೆ. ಮುಂದಿನ ದಿನಗಳಲ್ಲಿ ಮತ್ತೆ ಮತ್ತೆ ಅದನ್ನೇ ಹೇಳಿಸಿದಳು. ಅವರವ್ವ ಒಬ್ಬಟ್ಟು ಮಾಡಿದ್ದಳು ಎಂದು ಒಮ್ಮೆ, ಅಕ್ಕಿ ಪಾಯಸ ಎಂದು ಇನ್ನೊಮ್ಮೆ ಹೇಳಿ ಸಿಕ್ಕಿಬಿದ್ದರೂ ಅವಳು ತಪ್ಪು ಹಿಡಿಯಲಿಲ್ಲ.

ಕಾರ್ತೀಕ ಕಳೆಯುವುದರೊಳಗೆ ಅಕ್ಕ ಹೋದಳು. ಬೆಳಿಗ್ಗೆ, ಅಪ್ಪಾಜಿ ಶಿಫ್ಟು ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ ಹೊತ್ತಿನಲ್ಲಿ, ಮೂರು ದಿಂಬಿಗೆ ಒರಗಿಕೊಂಡೇ. ಅಂದು ನಮ್ಮ ಮನೆಯಲ್ಲಿ ಮೊದಲ ಸಲ ಜೋರಾಗಿ ಸದ್ದಾಯಿತು. ಅವ್ವನ ಗಂಟಲಿನಲ್ಲಿ ಅಷ್ಟು ದೊಡ್ಡ ದನಿಯಿತ್ತೆಂಬುದೇ ನನಗೆ ಗೊತ್ತಿರಲಿಲ್ಲ. ಬಂದು ಹೋಗುವವರ ಗದ್ದಲದಲ್ಲಿ ಹಿತ್ತಲ ಬಾಗಿಲು ಎಷ್ಟೋ ಸಲ ಬಡಿದುಕೊಂಡಿತು, ಯಾರೂ ಅಡ್ಡ ಕೊಡಲಿಲ್ಲ. ಆಮೇಲೆ ಅಪ್ಪಾಜಿಗೆ ಸದ್ದಿಲ್ಲದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಪಾಠ ಜೋರಾಗಿ ಓದವ್ವ ಎಂದು ಹೇಳಿ ಮಲಗುತ್ತಿದ್ದರು. ನಾನು ಬಾಯಿ ತೆರೆದರೆ ಪಿಸುಮಾತೇ ಬರುತ್ತಿತ್ತು. ಅವರು ರಿಟೈರಾದ ಮೇಲೆ ಕ್ವಾರ್ಟರ್ಸು ಬಿಟ್ಟು ಶಿವಮೊಗ್ಗಕ್ಕೆ ಬಂದೆವು. ಈಗ ಅವರೂ ಇಲ್ಲ, ಅವ್ವನೂ ಇಲ್ಲ, ಖಾದರ್ ಸಾಬರ ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ರಿಪೇರಿ ಮಾಡುತ್ತಾರೆ. ಇಷ್ಟು ವರ್ಷ ನನ್ನ ಎದೆಯಲ್ಲಿ ಒಂದೇ ಮಾತು ಕೂತಿತ್ತು: ಅಕ್ಕನಿಗೆ ಆ ಕಥೆಯ ಕೊನೆ ಗೊತ್ತಾಗದ ಹಾಗೆ ಮಾಡಿದವಳು ನಾನು. ಅವಳ ಪಾಲಿನ ಕೊನೆಯ ಪುಸ್ತಕವನ್ನು ನನ್ನ ಎಡಗೈ ಕಸಿದುಕೊಂಡಿತ್ತು. ಮದುವೆಯಾದ ಗಂಡನಿಗೂ ಇದನ್ನು ಹೇಳಿಕೊಂಡಿರಲಿಲ್ಲ.

ಈಗ ಆ ಪುಸ್ತಕ ನನ್ನ ಮಡಿಲಲ್ಲಿತ್ತು. ಮನೆಗೆ ತಂದು, ಎರಡು ದಿನ ರಜೆ ಹಾಕಿ ಓದಿದೆ. ಓದಿದವರು ಅಭಿಪ್ರಾಯ ಹೇಳಲೇಬೇಕು ಎಂಬ ಲೈಬ್ರರಿಯ ಮಗಳು ನಾನು, ಹೇಳಿಬಿಡುತ್ತೇನೆ. ಮಕ್ಕಳಿಗೆ ಬುದ್ಧಿ ಹೇಳುವ ಒಂದು ಹೆಗ್ಗಣ ಈ ಕಾದಂಬರಿಯಲ್ಲಿದೆ, ಎರಡನೆಯ ಬಾಗಿಲಿನಲ್ಲಿ ಸೇರಿಕೊಂಡು ಆರನೆಯದರವರೆಗೂ ಬೆನ್ನು ಬಿಡುವುದಿಲ್ಲ. ಅದನ್ನು ಮೊದಲ ಪುಟದಲ್ಲೇ ಬೆಕ್ಕಿಗೆ ಹಾಕಬೇಕಿತ್ತು. ಅಕ್ಕ ಓದುವಾಗ ಅದು ಎಷ್ಟು ನಗಿಸುತ್ತಿತ್ತು ಎಂದು ನೆನಪು. ಹುಡುಕಿದರೆ ಆ ನಗೆಯ ಮಾತೊಂದೂ ಪುಸ್ತಕದಲ್ಲಿಲ್ಲ, ಅವೆಲ್ಲ ಅಕ್ಕ ಸೇರಿಸಿದವು. ರಾಜನ ಭಾಷಣ ಹನ್ನೊಂದು ಪುಟ, ಅಷ್ಟನ್ನೂ ಅವಳು ನನಗೆ ನಾಲ್ಕು ಸಾಲಿನಲ್ಲಿ ಮುಗಿಸಿದ್ದಳು. ಹುಡುಗಿಯರು ಇಷ್ಟು ನಡೆದರೂ ಒಮ್ಮೆಯೂ ಹಸಿವೆ ಎನ್ನುವುದಿಲ್ಲ, ಅದನ್ನು ನಾನು ನಂಬುವುದಿಲ್ಲ. ಆದರೆ ಸದ್ದಿಲ್ಲದ ಊರಿನ ಆ ಮೊದಲ ಅಧ್ಯಾಯವನ್ನು, ಮಗು ಅಳುತ್ತಿದೆಯೋ ಇಲ್ಲವೋ ಎಂದು ತಾಯಿ ಅದರ ಕೆನ್ನೆ ಮುಟ್ಟಿ ನೋಡುವ ಆ ಪುಟವನ್ನು ಬರೆದವರಿಗೆ ನಾನು ಇಂದಿಗೂ ಕೈ ಮುಗಿಯುತ್ತೇನೆ. ಮೊದಲ ಅಧ್ಯಾಯದಲ್ಲಿ ಅವರಪ್ಪ ಯಾವ ಕಬ್ಬಿಣವನ್ನೂ ಕೊಡುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಚಂಪಾ ಶಂಖವನ್ನು ತಂಗಿಯ ಕೈಗೆ ಕೊಟ್ಟು, ತಾನು ಒಳಗೆ ನಿಂತು ಬಾಗಿಲು ಹಿಡಿಯುತ್ತಾಳೆ. ತಾರಾ ಒಬ್ಬಳೇ ಊರಿಗೆ ಬರುತ್ತಾಳೆ. ಸದ್ದುಗಳೆಲ್ಲ ವಾಪಸು ಬರುತ್ತವೆ. ಅವಳು ಬೆಟ್ಟದ ಕಡೆ ತಿರುಗಿ ಅಕ್ಕಾ ಎಂದು ಕೂಗುತ್ತಾಳೆ, ಸ್ವಲ್ಪ ತಡವಾಗಿ ಮಾರ್ದನಿ ಬರುತ್ತದೆ, ಅದು ಅವಳ ದನಿಯಾಗಿರುವುದಿಲ್ಲ. ಅಲ್ಲಿಗೆ ಮುಗಿಯಿತು. ಹತ್ತು ವರ್ಷದ ಮಕ್ಕಳಿಗೆ ಹೀಗೆ ಬರೆಯಬಹುದೇ ಎಂದು ಸಿಟ್ಟು ಬಂದು ಪುಸ್ತಕವನ್ನು ಮುಚ್ಚಿದೆ.

ಮುಚ್ಚುವಾಗ ಹಿಂದಿನ ರಟ್ಟಿನ ಹಾಳೆ ಕಂಡಿತು. ನನ್ನ ಮೂರು ಸುಳ್ಳುಗಳು ಶಾಯಿ ಮಾಸಿ, ಒಂದರ ಕೆಳಗೊಂದು ಹಾಗೆಯೇ ಕೂತಿದ್ದವು. ಅಂಟು ಒಣಗಿ ಹಾಳೆಯ ಅಂಚು ಎದ್ದಿತ್ತು. ಸರಿಪಡಿಸಲು ಹೋದರೆ ಇಡೀ ಹಾಳೆಯೇ ಕಳಚಿ ಕೈಗೆ ಬಂತು. ಅದರ ಕೆಳಗೆ, ಹಿಂದೆ ತುಂಬಿಹೋಗಿದ್ದ ಹಾಳೆಯಿತ್ತು. ಯಾರು ಯಾರದೋ ಕೈಬರಹ. ನಡುವೆ ಎಡಕ್ಕೆ ಒರಗುವ ದುಂಡನೆಯ ಅಕ್ಷರಗಳು, ಕೊನೆಯಲ್ಲಿ ಐದು ಎಸಳಿನ ಒಂದು ಚಿಕ್ಕ ಹೂವು. ಅಕ್ಕ ತನ್ನ ನೋಟುಬುಕ್ಕುಗಳಲ್ಲೆಲ್ಲ ಬರೆಯುತ್ತಿದ್ದ ಹೂವು. ಅದರ ಕೆಳಗೆ ನಮ್ಮ ಮನೆಯ ನಂಬರು. ಕಾಯಿಲೆಗೆ ಎಷ್ಟೋ ಮೊದಲು, ನಾನಿನ್ನೂ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದ ಕಾಲದಲ್ಲಿ, ಅವಳು ಈ ಪುಸ್ತಕವನ್ನು ಕೊನೆಯವರೆಗೂ ಓದಿ ಮುಗಿಸಿದ್ದಳು. ಹೀಗೆ ಬರೆದಿದ್ದಳು: ‘ಕಥೆ ಬಹಳ ಚೆನ್ನಾಗಿದೆ. ಆದರೆ ಕೊನೆ ಹೀಗಾಗಬಾರದಿತ್ತು. ಬಾಗಿಲಿಗೆ ಏನಾದರೂ ಅಡ್ಡ ಕೊಟ್ಟಿದ್ದರೆ ಇಬ್ಬರೂ ಮನೆಗೆ ಬರಬಹುದಿತ್ತು.’

ಅದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವಳಿಗೆ ಕೊನೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಏಳನೆಯ ಬಾಗಿಲಿನಲ್ಲಿ ಪುಸ್ತಕ ಮುಚ್ಚಿ ಮುಚ್ಚಿ ಇಟ್ಟಳು, ನನ್ನ ಕೈಗೆ ಕೊಡಲಿಲ್ಲ, ಆಣೆ ಹಾಕಿಸಿದಳು. ತನಗೆ ಏನಾಗುತ್ತಿದೆ ಎಂಬುದೂ ಗೊತ್ತಿದ್ದ ಹುಡುಗಿ ಆ ಪುಟವನ್ನು ತಂಗಿಯ ಕಿವಿಯಲ್ಲಿ ಹೇಗೆ ಓದಿಯಾಳು? ನಾನು ಹಳಿಯ ತುಂಡಿನ ಕಥೆ ಕಟ್ಟಿದಾಗ ಅವಳು ಸುಮ್ಮನಿದ್ದಳಲ್ಲ, ಅದನ್ನು ಆಯಾಸ ಎಂದುಕೊಂಡಿದ್ದೆ. ತಾನು ಎಂದೋ ಬರೆದು ಮರೆತ ಆಸೆಯನ್ನು ಅವಳು ನನ್ನ ಬಾಯಿಂದ ಕೇಳುತ್ತಿದ್ದಳು. ನನ್ನ ಎದೆಯ ಮೇಲಿನ ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಇಷ್ಟು ವರ್ಷ ತಪ್ಪು ಮಾಡಿದವಳ ಅಳು ಅಳುತ್ತಿದ್ದೆ. ಅಂದು ಮೊದಲ ಸಲ ಬರೀ ತಂಗಿಯಾಗಿ ಅತ್ತೆ, ಮನೆಯವರೆಲ್ಲ ಓಡಿ ಬರುವಷ್ಟು ಜೋರಾಗಿ. ಅತ್ತಾದ ಮೇಲೆ ಪೆನ್ನು ತೆಗೆದುಕೊಂಡು, ನನ್ನ ಮೂರು ಸುಳ್ಳುಗಳ ಕೆಳಗೆ ಬರೆದೆ: ಮೇಲಿನವನ್ನು ನಂಬಬೇಡಿ. ಪುಸ್ತಕ ಚೆನ್ನಾಗಿದೆ. ಕೊನೆಯ ಬಗ್ಗೆ ನನ್ನ ಅಕ್ಕನ ಅಭಿಪ್ರಾಯವೇ ನನ್ನದೂ. ಮನೆ ನಂಬರನ್ನು ಈ ಸಲ ಸರಿಯಾಗಿ ಹಾಕಿದೆ.

ಭಾನುವಾರ ನ್ಯೂ ಟೌನಿಗೆ ಹೋಗಿದ್ದೆ. ನಮ್ಮ ಸಾಲಿನಲ್ಲಿ ಈಗ ಯಾರೂ ಇಲ್ಲ. ಅಂಗಳದಲ್ಲಿ ಲಂಟಾನ ಬೆಳೆದಿದೆ, ಅರ್ಧ ಹೆಂಚು ಇಳಿದಿದೆ. ಮುಂದಿನ ಕೋಣೆಯಲ್ಲಿ ಮಂಚದ ಕಾಲು ಉಜ್ಜಿದ ಗುರುತು ಗೋಡೆಯ ಮೇಲೆ ಇನ್ನೂ ಇದೆ. ಹಿತ್ತಲ ಬಾಗಿಲನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆ, ಬರೀ ಚೌಕಟ್ಟು ನಿಂತಿದೆ. ಹಳಿಯ ತುಂಡಿಗಾಗಿ ಹುಲ್ಲಿನಲ್ಲಿ ಕೈಯಾಡಿಸಿ ಹುಡುಕಿದೆ, ಸಿಗಲಿಲ್ಲ. ಬಾಗಿಲೇ ಇಲ್ಲದ ಮೇಲೆ ಅದು ಸಿಕ್ಕಿ ಆಗಬೇಕಾದ್ದೇನೂ ಇರಲಿಲ್ಲ. ಮಂಚವಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತೆ. ಒಂದು ಸಲ ಗಟ್ಟಿಯಾಗಿ ಕೂಗಬೇಕು ಎಂದುಕೊಂಡೇ ಹೋಗಿದ್ದೆ. ಆದರೆ ಒಳಕೋಣೆಯ ಕಡೆ ಕಣ್ಣು ಹೋಯಿತು, ಹಗಲಿನ ಹೊತ್ತು, ಅಪ್ಪಾಜಿ ಮಲಗಿರುವ ಹೊತ್ತು. ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದೆ.

“ಅಕ್ಕ, ಆ ಹಳಿ ಪುಸ್ತಕದಲ್ಲಿ ಇರ್ಲಿಲ್ಲ ಕಣೇ. ನಾನೇ ಇಟ್ಟಿದ್ದೆ.”